ಮೆಂತ್ಯದ ನೀರಿಗೆ ಉಪವಾಸ ಕೆಡುವುದಿಲ್ಲ

ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ನನಗೆ ಗೊತ್ತಾದ ವಾರದೊಳಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಲ್ಲ ಕಡೆಗೂ ಗೊತ್ತಾಗಿತ್ತು. ಅವರು ಪ್ರೈವೇಟ್ ಬಸ್ಸಿನ ಡ್ರೈವರು. ಬೆಳಿಗ್ಗೆ ಮಧುಗಿರಿಯಿಂದ ಶಿರಾಕ್ಕೆ ಹೋಗಿ ಬರುವುದು, ಆಮೇಲೆ ಕೊರಟಗೆರೆಗೆ ಒಂದು ಟ್ರಿಪ್ಪು, ಮಧ್ಯಾಹ್ನದ ಮೇಲೆ ಪಾವಗಡ. ಇಂಜಿನ್ ಪಕ್ಕದ ಸೀಟಿನಲ್ಲಿ ಕೂರುವ ಖಾಯಂ ಗಿರಾಕಿಗಳಿಗೆ ಡ್ರೈವರ್ ಜೊತೆ ಹರಟುವುದರಲ್ಲೇ ಪ್ರಯಾಣದ ಅರ್ಧ ಸುಖ. ನಮ್ಮವರಂತೂ ಹೊಟ್ಟೆಯಲ್ಲಿ ಒಂದು ಮಾತು ಇಟ್ಟುಕೊಳ್ಳುವ ಆಸಾಮಿಯಲ್ಲ. "ಶುಗರ್ ಬಂದ್ಬುಟ್ಟೈತೆ ಕಣಣ್ಣ" ಎಂದು ಗೇರ್ ಬದಲಾಯಿಸುತ್ತಾ ಒಬ್ಬರಿಗೆ ಹೇಳಿದರು, ಅಷ್ಟೇ.

ನಾನು ದೊಡ್ಡೇರಿ ಹೋಬಳಿಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಟೀಚರು. ಶಿರಾ ಕಡೆ ಹೋಗುವ ಬೆಳಗಿನ ಟ್ರಿಪ್ಪಿನಲ್ಲಿ ಅವರ ಬಸ್ಸಿಗೇ ಹತ್ತುವವಳು. ಹಾಗಾಗಿ ಜನವೆಲ್ಲ ಸೇರಿ ನನ್ನ ಗಂಡನಿಗೆ ಮಾಡಿದ ಚಿಕಿತ್ಸೆಯ ಬಹುಪಾಲು ನನ್ನ ಕಣ್ಣೆದುರೇ ನಡೆಯಿತು.

ಶಿರಾದಲ್ಲಿ ಮಸಾಲೆ ಅಂಗಡಿ ಇಟ್ಟಿರುವ ಚಾಚಾ ಒಬ್ಬರು ಕಾಗದದ ಪೊಟ್ಟಣವೊಂದನ್ನು ಡ್ರೈವರ್ ಕಿಟಕಿಯಲ್ಲಿ ಕೊಟ್ಟರು. "ಇದು ದಾಲ್ಚಿನ್ನಿ, ಡ್ರೈವರ್ ಸಾಬ್. ಬಿರಿಯಾನಿಗೆ ಹಾಕೋ ದಪ್ಪ ಚಕ್ಕೆ ಅಲ್ಲ, ತೆಳ್ಳಂದು. ರೋಜ್ ಬೆಳಿಗ್ಗೆ ಕುದಿಸಿ ಕುಡೀರಿ, ಶುಗರ್ ಖತಂ" ಎಂದರು. ಕೊರಟಗೆರೆಯ ರಿಟೈರ್ಡ್ ಮೇಷ್ಟ್ರೊಬ್ಬರು ನೇರಳೆ ಬೀಜ ಒಣಗಿಸಿ, ಪುಡಿ ಮಾಡಿ, ಬಾಟಲಿಯಲ್ಲಿ ತುಂಬಿ ತಂದರು. ಮಧುಗಿರಿಯಲ್ಲಿ ಹೂ ಮಾರುವಾಕೆ ಅರಿಶಿನ, ನೆಲ್ಲಿಕಾಯಿ ಎಂದಳು. ನಮ್ಮವರು ಎಲ್ಲದಕ್ಕೂ "ಆಯ್ತು" ಎಂದರು. ಇಲ್ಲ ಎನ್ನುವುದು ಅವರಿಗೆ ಬರುವುದೇ ಇಲ್ಲ. ಸ್ಟಾಪ್ ಇಲ್ಲದ ಕಡೆ ಕೈ ತೋರಿಸಿದವರಿಗೂ ಬಸ್ ನಿಲ್ಲಿಸಿ ಕಂಡಕ್ಟರ್ ಹತ್ತಿರ ಬೈಸಿಕೊಳ್ಳುವ ಮನುಷ್ಯ.

ಆದರೆ ಇವರೆಲ್ಲರಿಗಿಂತ ದೊಡ್ಡ ಡಾಕ್ಟರು ಅವರ ಅಕ್ಕ, ಅಂದರೆ ನನ್ನ ಅತ್ತಿಗೆ. ವೈ.ಎನ್.ಹೊಸಕೋಟೆ ಕಡೆಯ ಹಳ್ಳಿಗೆ ಕೊಟ್ಟ ಹೆಣ್ಣು. ಅಲ್ಲಿ ಬಾಳಿ ಬಾಳಿ ಮಾತಿನಲ್ಲಿ ಅರ್ಧಕ್ಕರ್ಧ ತೆಲುಗು ಸೇರಿಬಿಟ್ಟಿದೆ. ತಾಯಿ ಬೇಗ ಹೋದಮೇಲೆ ನಮ್ಮವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರೇ. ಒಂದು ಮಧ್ಯಾಹ್ನ ಪಾವಗಡದ ಬಸ್ ಸ್ಟ್ಯಾಂಡಿಗೆ ಬಂದು, ಬಟ್ಟೆಗಂಟಿನ ತುಂಬ ಮೆಂತ್ಯ ತಂದು ಇಂಜಿನ್ ಮೇಲೆ ಇಟ್ಟರು. "ಒರೇಯ್ ತಮ್ಮುಡು, ಮೆಂತುಲು ಅಂದ್ರೆ ಬಂಗಾರಂ ಕಣ್ಲಾ. ರಾತ್ರಿ ನೆನೆಹಾಕು, ಬೆಳಿಗ್ಗೆ ಆ ನೀರೂ ಕುಡಿ, ಕಾಳೂ ಅಗಿ. ಏಮೀ ಕಾದು." ಏನೂ ಆಗುವುದಿಲ್ಲ ಎಂದು ಅಕ್ಕ ಹೇಳಿದ ಮೇಲೆ ತಮ್ಮನಿಗೆ ಬೇರೆ ಭರವಸೆ ಬೇಕಿರಲಿಲ್ಲ.

ನನ್ನ ಅಡುಗೆಮನೆ ನೋಡನೋಡುತ್ತಿದ್ದಂತೆ ನಾಟಿ ಔಷಧಿ ಮಾರುವ ಗ್ರಂಧಿಗೆ ಅಂಗಡಿಯಾಯಿತು. ಕಟ್ಟೆಯ ಮೇಲೆ ಸಾಲಾಗಿ ಲೋಟಗಳು. ಒಂದರಲ್ಲಿ ಲೋಳೆಲೋಳೆಯಾಗಿ ಊದಿಕೊಂಡ ಮೆಂತ್ಯ, ಒಂದರಲ್ಲಿ ಚಕ್ಕೆಯ ಕೆಂಪು ಕಷಾಯ, ಒಂದರಲ್ಲಿ ಮಣ್ಣಿನ ಬಣ್ಣದ ನೇರಳೆ ಬೀಜದ ನೀರು. ಬೆಳಗಾಗೆದ್ದು ಸ್ನಾನ ಮುಗಿಸಿ, ಬಸ್ಸಿಗೆ ಆಯಿಲ್, ನೀರು ನೋಡುವ ಗಾಂಭೀರ್ಯದಲ್ಲೇ ಒಂದೊಂದು ಲೋಟ ಎತ್ತಿ ಕುಡಿಯುತ್ತಿದ್ದರು. ನಾನು ರೇಗಿಸುತ್ತಿದ್ದೆ. ಮುಖ ಹಿಂಡಿಕೊಂಡು, "ನಗು, ನಗು. ನಾಳೆ ನಾನು ಸೂಜಿ ಚುಚ್ಚಿಸ್ಕೊಂಡು ಮನೇಲಿ ಕೂತ್ರೆ ಆಗ ನಗು" ಎನ್ನುತ್ತಿದ್ದರು. ನನ್ನ ನಗು ಅಲ್ಲಿಗೆ ನಿಲ್ಲುತ್ತಿತ್ತು.

ಇಷ್ಟೆಲ್ಲ ಕಹಿ ಕುಡಿಯುತ್ತಿದ್ದುದು ಆ ಸೂಜಿಯ ಭಯಕ್ಕೆ. ಆಸ್ಪತ್ರೆಯ ಡಾಕ್ಟರಮ್ಮ ಶುರುವಿನಲ್ಲೇ ಸೂಜಿಯ ಮಾತು ಎತ್ತಿದ್ದರು, ಆಮೇಲೆ ಮಾತ್ರೆಯನ್ನು ಜಾಸ್ತಿ ಮಾಡಿ, ಇದಕ್ಕೂ ಇಳಿಯದಿದ್ದರೆ ಇನ್ಸುಲಿನ್ ಶುರು ಮಾಡಬೇಕಾಗುತ್ತದೆ ಎಂದಿದ್ದರು. ಸೂಜಿ ಹಾಕಿಸಿಕೊಳ್ಳುವ ಡ್ರೈವರನನ್ನು ಬಸ್ಸಿನ ಓನರ್ ಇಟ್ಟುಕೊಳ್ಳುತ್ತಾರೋ ಇಲ್ಲವೋ, ಅದು ಗೊತ್ತಿರಲಿಲ್ಲ. ಆದರೆ ಸ್ಟೇರಿಂಗ್ ಬಿಟ್ಟರೆ ನನ್ನ ಗಂಡನಿಗೆ ಬೇರೆ ಬದುಕಿಲ್ಲ ಎನ್ನುವುದು ನನಗೆ ಗೊತ್ತಿತ್ತು. ರಜೆಯ ದಿನವೂ ಬಸ್ ಸ್ಟ್ಯಾಂಡಿಗೆ ಹೋಗಿ ತಮ್ಮ ಬಸ್ಸನ್ನು ಇನ್ನೊಬ್ಬರು ಹೇಗೆ ತಿರುಗಿಸಿ ನಿಲ್ಲಿಸುತ್ತಾರೆಂದು ನೋಡಿಕೊಂಡು, ಮನೆಗೆ ಬಂದು ಅವರನ್ನು ಬೈಯುತ್ತಿದ್ದರು. ಹಾಗಾಗಿ ನಾನು ಗೊಣಗುತ್ತಲೇ ಮೆಂತ್ಯ ನೆನೆಹಾಕುತ್ತಿದ್ದೆ, ಗೊಣಗುತ್ತಲೇ ಲೋಟ ತೊಳೆಯುತ್ತಿದ್ದೆ.

ಮಾತ್ರೆ ಜಾಸ್ತಿ ಮಾಡಿದ ದಿನ ಡಾಕ್ಟರಮ್ಮ ಕೇಳಿದ್ದರು: "ಇದರ ಜೊತೆ ಬೇರೆ ಏನಾದ್ರೂ ಔಷಧಿ ತಗೋತಿದೀರಾ? ನಾಟಿ ಔಷಧಿ, ಮತ್ತೊಂದು?" ನಮ್ಮವರು ಇಲ್ಲ ಎಂದರು. ಪಕ್ಕದಲ್ಲಿ ಕೂತ ನಾನೂ ಇಲ್ಲವೆಂದು ತಲೆಯಾಡಿಸಿದೆ. ಸುಳ್ಳು ಹೇಳಬೇಕೆಂಬ ಉದ್ದೇಶ ಇಬ್ಬರಿಗೂ ಇರಲಿಲ್ಲ. ಮೆಂತ್ಯ, ಚಕ್ಕೆ, ಅರಿಶಿನ ಎಲ್ಲ ಒಗ್ಗರಣೆ ಡಬ್ಬಿಯಲ್ಲಿರುವಂಥವು. ಸಾರಿಗೆ ಹಾಕುವುದನ್ನು ಔಷಧಿ ಎಂದು ನಮ್ಮ ಕಡೆ ಯಾರು ಎಣಿಸುತ್ತಾರೆ?

ಕೆಲವೇ ವಾರದಲ್ಲಿ ಮನೆಯ ಶುಗರ್ ಮಿಷನ್ನಿನಲ್ಲಿ ನಂಬರು ಇಳಿಯತೊಡಗಿತು. ಬೆರಳು ಚುಚ್ಚಿಕೊಂಡು ನಂಬರು ನೋಡಿ, ಮಿಷನ್ನನ್ನು ನನ್ನ ಮೂಗಿನ ಹತ್ತಿರ ಹಿಡಿದು, "ನೋಡು, ಅಕ್ಕನ ಮೆಂತ್ಯ" ಎನ್ನುತ್ತಿದ್ದರು. ಬಸ್ಸಿನಲ್ಲಿ ಚಾಚಾನಿಗೆ "ನಿಮ್ಮ ಚಕ್ಕೆ" ಎಂದರು, ಮೇಷ್ಟ್ರಿಗೆ "ನಿಮ್ಮ ಬೀಜ" ಎಂದರು. ಎಲ್ಲರಿಗೂ ಸಂತೋಷವಾಯಿತು. ಡಾಕ್ಟರಮ್ಮನ ಮಾತ್ರೆಗೆ ಮಾತ್ರ ಯಾರೂ ಕ್ರೆಡಿಟ್ ಕೊಡಲಿಲ್ಲ. ನನಗೂ ಒಳಗೊಳಗೇ ಹೆಮ್ಮೆ. ಹನ್ನೊಂದು ಗಂಟೆ ಹೊತ್ತಿಗೆ ವಿಪರೀತ ಹಸಿವು, ಕೈ ನಡುಗುತ್ತದೆ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ ಎಂದು ಒಂದೆರಡು ಸಲ ಹೇಳಿದ್ದರು. ವಯಸ್ಸಾಯಿತು, ಅದಕ್ಕೇ ಎಂದು ನಾನೇ ಚೇಷ್ಟೆ ಮಾಡಿದ್ದೆ.

ಅವರ ಮನೆತನದಲ್ಲಿ ಒಂದು ನಡವಳಿಕೆ ಇದೆ. ವರ್ಷಕ್ಕೊಂದು ಸಲ, ಜಾತ್ರೆಯ ಗದ್ದಲದಲ್ಲಲ್ಲ, ಬೇರೆ ಯಾವುದಾದರೂ ತಿಂಗಳ ಷಷ್ಠಿಗೆ ನಾಗಲಮಡಿಕೆಯ ಗುಡಿಗೆ ಹೋಗಿ ಪೂಜೆ ಮಾಡಿಸಬೇಕು. ಪೂಜೆ ಆಗುವ ತನಕ ಗಂಡುಮಕ್ಕಳು ಹಲ್ಲಿಗೆ ಏನನ್ನೂ ತಗಲಿಸಬಾರದು. ನನ್ನ ಮಾವನವರ ಮೈಮೇಲೆ ಆ ದಿನ ಸ್ವಾಮಿ ಬರುತ್ತಿತ್ತಂತೆ. ಅವರು ಹೋದಮೇಲೆ ಯಾರ ಮೇಲೂ ಬಂದಿಲ್ಲವೆಂಬುದು ಅತ್ತಿಗೆಯ ದೊಡ್ಡ ಕೊರಗು. ಪ್ರತಿ ವರ್ಷವೂ ತಮ್ಮನ ಮುಖವನ್ನು ಆಸೆಯಿಂದ ನೋಡುತ್ತಿದ್ದರು. ತಮ್ಮ ಪ್ರತಿ ವರ್ಷವೂ ಪೂಜೆ ಮುಗಿಯುವುದನ್ನೇ ಕಾದಿದ್ದು ಚಿತ್ರಾನ್ನಕ್ಕೆ ಕೈ ಹಾಕುತ್ತಿದ್ದರು.

ಆ ವರ್ಷದ ಷಷ್ಠಿಯ ಬೆಳಿಗ್ಗೆ ಮಾತ್ರೆ ನುಂಗಿದ್ದನ್ನು ನಾನೇ ನೋಡಿದೆ. "ಉಪವಾಸ ಅಲ್ವಾ?" ಎಂದೆ. "ಮಾತ್ರೆ ಏನು ಊಟಾನಾ?" ಎಂದರು. ಆಮೇಲೆ ಮೆಂತ್ಯದ ನೀರು ಕುಡಿದರು. ಕಾಳು ಅಗಿಯಲಿಲ್ಲ, ಅಗಿದರೆ ತಿಂದಂತೆ. ಚಕ್ಕೆ ಕಷಾಯವೂ ಆಯಿತು. ನೀರಿಗೆ ಉಪವಾಸ ಕೆಡುವುದಿಲ್ಲವಲ್ಲ. ಅಕ್ಕನಿಗೆ ಫೋನ್ ಮಾಡಿ ಕೇಳಿದ್ದೂ ಆಯಿತು. "ಮೆಂತುಲು ನೀಳ್ಳಕ್ಕೆ ಏನಾಗ್ತೈತೆ ಬುಡು, ಕುಡಿದು ಬಾ" ಎಂದು ಅಲ್ಲಿಂದಲೂ ಅಪ್ಪಣೆಯಾಯಿತು. ಅನ್ನ ಒಂದು ಬಿಟ್ಟು, ಸಕ್ಕರೆ ಇಳಿಸುವುದೆಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ನಾವು ಬಸ್ ಹತ್ತಿದೆವು. ಆ ದಿನ ರಜೆ ಹಾಕಿದ್ದರಿಂದ ಅವರೂ ನನ್ನ ಪಕ್ಕದಲ್ಲೇ ಕೂತಿದ್ದರು.

ಗುಡಿಯಲ್ಲಿ ಅತ್ತಿಗೆ ಮೊದಲೇ ಬಂದು ಕಾದಿದ್ದರು, ಆದರೂ ಪೂಜೆ ತಡವಾಯಿತು. ನಮಗಿಂತ ಮುಂಚೆ ಬಂದವರದೇ ಸಾಲು ಉದ್ದವಿತ್ತು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಮ್ಮವರು ಪ್ರಾಂಗಣದ ಕಂಬಕ್ಕೆ ಒರಗಿ ಕೂತರು. ಸ್ವಲ್ಪ ಹೊತ್ತಿಗೆ ಮೈ ನಡುಗತೊಡಗಿತು. ಶರ್ಟು ಒದ್ದೆಯಾಗುವಷ್ಟು ಬೆವರು. ಕಣ್ಣು ಎಲ್ಲೋ ನೋಡುತ್ತಿದೆ, ಬಾಯಲ್ಲಿ ಅರ್ಥವಾಗದ ಮಾತು, ತಲೆ ಅತ್ತಿಂದಿತ್ತ ತೂಗುತ್ತಿದೆ. ಅತ್ತಿಗೆ ಅದನ್ನು ನೋಡಿದ್ದೇ ಸೆರಗು ಸೊಂಟಕ್ಕೆ ಕಟ್ಟಿ ಎದ್ದು ನಿಂತರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಯಾವತ್ತೂ ಕಂಡಿರಲಿಲ್ಲ. "ಬಂತು. ನಮ್ಮಪ್ಪನ ಸ್ವಾಮಿ ಬಂತು" ಎಂದರು.

ಜನ ಸುತ್ತುಗಟ್ಟಿದರು. ಯಾರೋ ಹಣೆಗೆ ಕುಂಕುಮ ಬಳಿದರು, ಯಾರೋ ಕೈಯಲ್ಲಿ ನಿಂಬೆಹಣ್ಣು ಇಟ್ಟರು. ಅತ್ತಿಗೆ ಕಾಲಿಗೆ ಬಿದ್ದು, "ಸ್ವಾಮಿ, ಮಗಳಿಗೆ ಮಡಕಶಿರಾ ಕಡೆಯಿಂದ ಒಂದು ಸಂಬಂಧ ಬಂದೈತೆ. ಮಾಡ್ಬೋದಾ?" ಎಂದು ಕೇಳಿದರು. ನಮ್ಮವರ ತಲೆ ಮುಂದಕ್ಕೆ ವಾಲಿತು. ಒಪ್ಪಿಗೆಯಾಯಿತೆಂದು ಎಲ್ಲರೂ ಕೈಮುಗಿದರು. ನಾನೂ ಮುಗಿದೆ. ನಾನೇನು ದೇವರನ್ನು ನಂಬದವಳಲ್ಲ.

ಕೈಮುಗಿದು ತಲೆ ತಗ್ಗಿಸಿದಾಗ ಅವರ ಕಾಲು ಕಣ್ಣಿಗೆ ಬಿತ್ತು. ಬಲಗಾಲು ಕಲ್ಲುಚಪ್ಪಡಿಯನ್ನು ಒತ್ತುತ್ತಿತ್ತು. ಒತ್ತಿ, ಬಿಟ್ಟು, ಮತ್ತೆ ಬಲವಾಗಿ ಒತ್ತುತ್ತಿತ್ತು. ವರ್ಷಗಟ್ಟಲೆ ಅವರ ಹಿಂದಿನ ಸೀಟಿನಲ್ಲಿ ಕೂತವಳು ನಾನು, ಆ ಕಾಲಿನ ಭಾಷೆ ನನಗೆ ಬರುತ್ತದೆ. ನನ್ನ ಗಂಡ ಬ್ರೇಕ್ ಹಾಕುತ್ತಿದ್ದರು. ಅವರ ಕಣ್ಣೆದುರು ರಸ್ತೆಯಿತ್ತು, ರಸ್ತೆಯಲ್ಲಿ ಏನೋ ಅಡ್ಡ ಬಂದಿತ್ತು, ಬಸ್ಸು ನಿಲ್ಲುತ್ತಿರಲಿಲ್ಲ.

ಬೆವರು, ನಡುಕ, ತೊದಲು ಬಂದರೆ ತಡಮಾಡದೆ ಸಿಹಿ ತಿನ್ನಿಸಬೇಕೆಂದು ಡಾಕ್ಟರಮ್ಮ ಹೇಳಿದ್ದು ಆಗ ನೆನಪಾಯಿತು. ಎದುರಿಗೇ ಹಣ್ಣುಕಾಯಿ ತಟ್ಟೆಯಲ್ಲಿ ಬೆಲ್ಲದಚ್ಚು ಇತ್ತು. ಮುರಿದುಕೊಂಡು ಅವರ ಬಾಯಿಗೆ ಹಾಕಲು ಹೋದೆ. ಅತ್ತಿಗೆ ನನ್ನ ಕೈ ಹಿಡಿದರು. "ಏಯ್ ಹುಡ್ಗೀ, ಇನ್ನೂ ನೈವೇದ್ಯ ಆಗಿಲ್ಲ. ಎಂಜಲು ಮಾಡ್ತೀಯಾ?"

ವಾದ ಮಾಡುತ್ತ ಕೂರಲು ಹೊತ್ತಿರಲಿಲ್ಲ. "ಅತ್ಗೆಮ್ಮ, ಇವರ ಮೈಮೇಲೆ ಬಂದಿರೋದು ಸ್ವಾಮೀನೇ ತಾನೆ? ಹಂಗಾದ್ರೆ ಈ ಬಾಯಿಗೆ ಹಾಕಿದ್ರೆ ಅದೇ ನೈವೇದ್ಯ" ಎಂದೆ. ಅವರ ಕೈ ಸಡಿಲವಾಯಿತು. ಅಷ್ಟೇ ಅಲ್ಲ, ಪಾನಕದ ಚೊಂಬನ್ನೂ ಅವರೇ ತಂದುಕೊಟ್ಟರು. ನಾನು ಬೆಲ್ಲದ ಪುಡಿಯನ್ನು ನಾಲಿಗೆಗೆ ಸವರಿದೆ, ನುಂಗುತ್ತಾರೆಂದು ಖಾತ್ರಿಯಾದ ಮೇಲೆ ಗುಟುಕು ಗುಟುಕಾಗಿ ಪಾನಕ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಕಾಲು ನಿಂತಿತು. ಕಣ್ಣು ನನ್ನ ಮುಖಕ್ಕೆ ಬಂದು ನೆಲೆಯಾಯಿತು. "ಯಾಕೆ ಇಷ್ಟು ಜನ ಸೇರವ್ರೆ?" ಎಂದರು. ಸ್ವಾಮಿ ಶಾಂತವಾಯಿತೆಂದು ಜನ ಚದುರಿದರು.

ಮಾರನೆಯ ಬೆಳಿಗ್ಗೆ ಎಷ್ಟು ಹೇಳಿದರೂ ಕೇಳದೆ ಡ್ಯೂಟಿಗೆ ಹೊರಟರು. "ಮುದ್ದೆ ತಿಂದಿದೀನಿ, ಮೆಂತ್ಯ ಮುಟ್ಟಿಲ್ಲ, ಇನ್ನೇನು?" ಎಂದರು. ನಾನು ಶಾಲೆಗೆ ರಜೆ ಹಾಕಿ, ಬೆಲ್ಲವನ್ನು ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡು, ನನ್ನ ಸ್ಟಾಪಿನಲ್ಲೂ ಇಳಿಯದೆ ಶಿರಾದವರೆಗೆ ಹೋಗಿ ವಾಪಸು ಬಂದೆ. ದಾರಿಯುದ್ದಕ್ಕೂ ನೋಡಿದ್ದು ಅವರ ಕತ್ತಿನ ಹಿಂಭಾಗವನ್ನು, ಅಲ್ಲಿ ಬೆವರು ಮೂಡುತ್ತದೆಯೇ ಎಂದು. ನಾಗಲಮಡಿಕೆಯ ಸುದ್ದಿ ನಮಗಿಂತ ಮುಂಚೆ ಬಸ್ಸಿಗೆ ಬಂದಿತ್ತು. ಹತ್ತುವವರು ಡ್ರೈವರ್ ಸೀಟಿನ ಕಡೆ ತಿರುಗಿ ಕೈಮುಗಿಯುತ್ತಿದ್ದರು. ಹೂ ಮಾರುವಾಕೆ ಸ್ಟೇರಿಂಗಿಗೆ ಕನಕಾಂಬರ ಸುತ್ತಿಹೋದಳು. ಇಂಜಿನ್ ಪಕ್ಕದ ಹರಟೆಯೂ ಆ ದಿನ ತಗ್ಗಿದ ದನಿಯಲ್ಲಿ ನಡೆಯಿತು. ನಮ್ಮವರಿಗೆ ಮುಜುಗರ, ಆದರೆ ಒಳಗೆ ಸ್ವಲ್ಪ ಖುಷಿಯೂ ಇತ್ತು. ನನಗೆ ಕೋಪ ಬಂದು ಬೆಲ್ಲ ನಾನೇ ತಿಂದೆ.

ಆ ಸಂಜೆ ಎಳೆದುಕೊಂಡೇ ಡಾಕ್ಟರಮ್ಮನ ಹತ್ತಿರ ಹೋದೆ. ಈ ಸಲ ಒಗ್ಗರಣೆ ಡಬ್ಬಿಯಿಂದ ಹಿಡಿದು ನೇರಳೆ ಬೀಜದವರೆಗೆ ಎಲ್ಲ ಹೇಳಿದೆವು. ಅವರು ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. "ಮೆಂತ್ಯ ಕೆಲಸ ಮಾಡಲ್ಲ ಅಂತ ನಾನು ಹೇಳಲ್ಲಮ್ಮ" ಎಂದರು. "ಅದರ ಲೋಳೆ ಇದೆಯಲ್ಲ, ಅದು ಊಟದ ಸಕ್ಕರೆ ರಕ್ತಕ್ಕೆ ಬೇಗ ಇಳಿಯದ ಹಾಗೆ ತಡೆಯುತ್ತೆ. ಚಕ್ಕೆ ಸ್ವಲ್ಪ ಸಹಾಯ ಮಾಡಬಹುದು ಅಂತಾರೆ, ಎಲ್ಲರಿಗೂ ಆಗುತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ಬೀಜದ ಪುಡಿನೂ ಹಾಗೇ. ಏನೂ ಮಾಡದೆ ಇರೋ ವಸ್ತು ಆಗಿದ್ರೆ ನೀವು ಹೇಳದಿದ್ರೂ ನಡೀತಿತ್ತು. ಮಾಡುತ್ತೆ, ಅದಕ್ಕೇ ಹೇಳಬೇಕಿತ್ತು. ನಾನು ಕೊಟ್ಟಿದ್ದು ಜೋರಾಗಿ ಸಕ್ಕರೆ ಇಳಿಸೋ ಮಾತ್ರೆ. ಅದರ ಜೊತೆ ಇವೆಲ್ಲ ಸೇರಿ, ಹೊಟ್ಟೆ ಖಾಲಿ ಇದ್ರೆ ಸಕ್ಕರೆ ಪೂರ್ತಿ ಇಳಿಯದೆ ಇನ್ನೇನಾಗುತ್ತೆ?" ಮಾತ್ರೆ ಬದಲಾಯಿಸಿದರು. ಮೆಂತ್ಯವನ್ನು ಊಟದ ಜೊತೆ ಅಡುಗೆಗೆ ಹಾಕುವಷ್ಟು ಹಾಕಿ, ಲೋಟಗಟ್ಟಲೆ ಬೇಡ ಎಂದರು. ಕೊನೆಗೆ, ನಂಬರು ಒಂದು ಹದಕ್ಕೆ ಬಂದು ತಾವು ಹೇಳುವ ತನಕ ಬಸ್ ಓಡಿಸಬಾರದು ಎಂದರು. ನಮ್ಮವರು ಕೂತ ಕುರ್ಚಿಯ ಹಿಡಿಯನ್ನೇ ನೋಡುತ್ತಾ, "ನೋಡೋಣ" ಎಂದರು.

ಅತ್ತಿಗೆ ಹಿಂದಿನ ದಿನ ಗುಡಿಯಿಂದ ನಮ್ಮ ಜೊತೆಯಲ್ಲೇ ಮಧುಗಿರಿಗೆ ಬಂದಿದ್ದರು. ಮನೆಗೆ ಹೋಗಿ, ಅದು ಸ್ವಾಮಿಯಲ್ಲ, ಸಕ್ಕರೆ ಇಳಿದದ್ದು ಎಂದು ನಿಧಾನವಾಗಿ ಹೇಳಿದೆ. ನೊಂದುಕೊಳ್ಳುತ್ತಾರೆಂದು ಹೆದರಿದ್ದೆ. ಅವರು ಕಡ್ಲೆಕಾಯಿ ಸುಲಿಯುತ್ತಾ ಕೇಳಿಸಿಕೊಂಡರು. "ಸರಿ, ಸಕ್ಕರೇನೇ ಇಳೀತು ಅಂತಿಟ್ಕೋ. ಬಸ್ಸು ಓಡಿಸೋ ದಿನ ಇಳೀದಂಗೆ, ಗುಡೀಲಿ ಕೂತಿದ್ದಾಗ ಇಳಿಯೋ ಹಂಗೆ ಮಾಡಿದ್ದು ಯಾರಮ್ಮ?" ಎಂದರು.

ಗೋಡೆಗೆ ಒರಗಿ ಕೂತಿದ್ದ ನಮ್ಮವರ ಮುಖ ಬಿಳಿಚಿಕೊಂಡಿತು. ಅದೇ ನಡುಕ ಬಸ್ ಓಡಿಸುವಾಗ ಬಂದಿದ್ದರೆ ಎಂದು ಅಷ್ಟು ಹೊತ್ತಿನ ತನಕ ಅವರು ಯೋಚಿಸಿರಲಿಲ್ಲ. ಅಕ್ಕ ತನ್ನ ಭಕ್ತಿಯಲ್ಲಿ ಹೇಳಿದ ಮಾತು ತಮ್ಮನನ್ನು ಬೇರೆ ಕಡೆಯಿಂದ ಹೊಡೆಯಿತು.

ಬೆಳಿಗ್ಗೆ ಬಸ್ ಹೊರಡುವ ಮುಂಚೆ ನನ್ನನ್ನೂ ಕರೆದುಕೊಂಡು ಓನರ್ ಹತ್ತಿರ ಹೋದರು. ಬಸ್ ಸ್ಟ್ಯಾಂಡಿನ ಟೀ ಅಂಗಡಿ ಮುಂದೆ ಅವರು ಕೂತಿದ್ದರು. ನಮ್ಮವರು ಬಸ್ಸಿನ ಕೀಯನ್ನು ಅವರ ಮುಂದಿನ ಬೆಂಚಿನ ಮೇಲೆ ಇಟ್ಟು, ಇದ್ದದ್ದು ಇದ್ದ ಹಾಗೆ ಹೇಳಿದರು. ಓನರ್ ಕೆಟ್ಟವರಲ್ಲ, ನಮ್ಮವರನ್ನು ಕಳೆದುಕೊಳ್ಳಲು ಅವರಿಗೂ ಇಷ್ಟವಿರಲಿಲ್ಲ. "ಒಂದ್ಸಲ ತಲೆ ತಿರುಗ್ತು, ಅಷ್ಟೇ ತಾನೆ? ಜನ ಸ್ವಾಮಿ ಬಂದಿತ್ತು ಅಂತಾವ್ರೆ, ಅಂಗೇ ಇರ್ಲಿ ಬುಡು. ನೆನ್ನೆಯಿಂದ ನಮ್ಮ ಬಸ್ಸಿಗೇ ಅಂತ ಕಾಯ್ತಾ ನಿಂತವ್ರೆ. ಸುಮ್ನೆ ಹೋಗಿ ಗಾಡಿ ತೆಗಿ" ಎಂದು ಕೀಯನ್ನು ವಾಪಸು ತಳ್ಳಿದರು.

ನಮ್ಮವರು ಕೀ ನೋಡಿದರು. ತೆಗೆದುಕೊಂಡುಬಿಡುತ್ತಾರೆಂದು ನನಗೆ ಅನ್ನಿಸಿತು. ಅವರಿಗೆ ಇಲ್ಲ ಎನ್ನಲು ಬರುವುದಿಲ್ಲವಲ್ಲ.

"ಬೇಡ ಅಣ್ಣ" ಎಂದರು. "ಬೆಳಿಗ್ಗೆ ಟ್ರಿಪ್ಪಲ್ಲಿ ನನ್ನ ಹಿಂದಿನ ಸೀಟಲ್ಲಿ ಇವಳು ಕೂತಿರ್ತಾಳೆ. ಇವಳನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದೀನಿ ಅಂತ ನಂಗೇ ಗೊತ್ತಿಲ್ದಂಗೆ ಓಡ್ಸೋಕಾಗಲ್ಲ."

ಮದುವೆಯಾದಾಗಿನಿಂದ ನನ್ನ ಬಗ್ಗೆ ಅವರು ಹೊರಗಿನವರ ಮುಂದೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಳುವ ಹೆಂಗಸು ನಾನಲ್ಲ, ಆದರೂ ಟೀ ಅಂಗಡಿ ಮುಂದೆ, ಅಷ್ಟು ಜನರ ನಡುವೆ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಅವರ ಮೇಲೆ ಅವತ್ತಿನಷ್ಟು ಪ್ರೀತಿ ನನಗೆ ಯಾವತ್ತೂ ಬಂದಿರಲಿಲ್ಲ.

ಓನರ್ ಇನ್ನೊಬ್ಬ ಡ್ರೈವರನಿಗೆ ಫೋನ್ ಮಾಡಿ ಕರೆಸಿದರು. ಡಾಕ್ಟರಮ್ಮ ಮುಂದೆ ಏನು ಹೇಳುತ್ತಾರೆ, ಆ ಸೀಟಿಗೆ ಮತ್ತೆ ಹತ್ತುವುದಿದೆಯೋ ಇಲ್ಲವೋ, ಆಗ ಯಾರಿಗೂ ಗೊತ್ತಿರಲಿಲ್ಲ. ನನಗೆ ಶಾಲೆಗೆ ಹೊತ್ತಾಗಿತ್ತು. ನಮ್ಮವರು ನನ್ನ ಜೊತೆ ಬಸ್ಸಿನ ಬಾಗಿಲ ತನಕ ಬಂದರು. ಡ್ರೈವರ್ ಹೆಂಡತಿಯೆಂದು ಆ ಬಸ್ಸಿನಲ್ಲಿ ನನ್ನ ಹತ್ತಿರ ಯಾರೂ ದುಡ್ಡು ಕೇಳಿದವರಲ್ಲ. ಅವರು ಜೇಬಿನಿಂದ ನೋಟು ತೆಗೆದು ಕಂಡಕ್ಟರ್ ಕೈಗೆ ಕೊಟ್ಟು, "ನಮ್ಮನೆಯವಳಿಗೊಂದು ಟಿಕೆಟ್ ಹರಿ" ಎಂದರು.